ಹೈಸ್ಕೂಲಿನಲ್ಲಿ ಖೋ ಖೋ ತಂಡಕ್ಕೆ ಸೇರಿದರೆ ಮಗಳಿಗೆ ನಿಜವಾಗಿ ಏನು ಸಿಗುತ್ತದೆ?

ಎಂಟನೇ ಕ್ಲಾಸಿನ ನಿಮ್ಮ ಮಗಳು ಶಾಲೆಯ ಖೋ ಖೋ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಮೂರು ವರ್ಷ ಇದಕ್ಕೆ ಸಮಯ ಕೊಟ್ಟರೆ ಓದು ಹಾಳಾಗಲ್ವಾ, ಕೊನೆಗೆ ಕೈಗೆ ಏನು ಬರುತ್ತದೆ ಎಂದು ಕೇಳಿದ್ದೀರಿ. ಹೆಣ್ಣುಮಗುವಿಗೆ ಬಿಸಿಲಲ್ಲಿ ಓಡಾಟ ಯಾಕೆ ಎಂದು ಮನೆಯ ಹಿರಿಯರು ತಕರಾರು ಮಾಡುತ್ತಿದ್ದಾರೆ ಎಂದೂ ಬರೆದಿದ್ದೀರಿ.

ನಾನು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಎಂಟರಿಂದ ಹತ್ತರವರೆಗೆ ಖೋ ಖೋ ಆಡಿದವಳು. ನಮ್ಮ ತಂಡ ಜಿಲ್ಲಾ ಮಟ್ಟ ದಾಟಲಿಲ್ಲ. ಆಟದಿಂದ ನನಗೆ ಸೀಟಾಗಲಿ ಕೆಲಸವಾಗಲಿ ಸಿಗಲಿಲ್ಲ. ಆದರೂ ಕಳಿಸಿ ಎಂದೇ ಹೇಳುತ್ತೇನೆ.

ಖೋ ಖೋ ಓಟದ ಆಟ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಒಮ್ಮೆ ಅಂಕಣದ ಪಕ್ಕ ನಿಂತು ಸರಿಯಾಗಿ ನೋಡಿ. ತಂಡದಲ್ಲಿ 12 ಜನ, ಆಡುವವರು 9. ಅಟ್ಟಿಸಿಕೊಂಡು ಹೋಗುವ ತಂಡದಲ್ಲಿ ಒಬ್ಬಳು ಮಾತ್ರ ಓಡುತ್ತಿರುತ್ತಾಳೆ, ಎಂಟು ಜನ ಸಾಲಾಗಿ ಕೂತಿರುತ್ತಾರೆ. ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಓಡುವವಳು ನಡುವಿನ ಪಟ್ಟಿ ದಾಟುವಂತಿಲ್ಲ. ಒಮ್ಮೆ ದಿಕ್ಕು ಹಿಡಿದರೆ ಅರ್ಧದಲ್ಲಿ ಹಿಂದೆ ತಿರುಗುವಂತಿಲ್ಲ, ಅಂಕಣದ ತುದಿಯ ಕಂಬದವರೆಗೆ ಹೋಗಲೇಬೇಕು. ಇನ್ನೇನು ಕೈಗೆ ಸಿಕ್ಕಳು ಅನ್ನುವಾಗ ಎದುರಾಳಿ ಕೂತವರ ನಡುವೆ ನುಸುಳಿ ಆಚೆ ಕಡೆ ಹೋಗಿಬಿಡುತ್ತಾಳೆ. ಆಗ ಉಳಿಯುವ ದಾರಿ ಒಂದೇ. ಆ ಕಡೆ ಮುಖ ಮಾಡಿ ಕೂತ ಗೆಳತಿಯ ಬೆನ್ನು ಮುಟ್ಟಿ ಖೋ ಕೊಡಬೇಕು. ಅವಳು ಎದ್ದು ಅಟ್ಟುತ್ತಾಳೆ, ಕೊಟ್ಟವಳು ಅವಳ ಜಾಗದಲ್ಲಿ ಕೂರುತ್ತಾಳೆ. ಅಟ್ಟಿಸಿ ಅಟ್ಟಿಸಿ ಸುಸ್ತು ಮಾಡಿದವಳು ನೀನು, ಔಟ್ ಮಾಡುವವಳು ಅವಳು.

ಇದನ್ನು ಒಪ್ಪಿಕೊಳ್ಳುವುದು ಹದಿಮೂರು ವರ್ಷದ ಮಗುವಿಗೆ ಸುಲಭವಲ್ಲ. ನಮ್ಮ ತಂಡದಲ್ಲಿ ಶಾಲೆಗೇ ಜೋರಾಗಿ ಓಡುವ ಹುಡುಗಿ ಒಬ್ಬಳಿದ್ದಳು. ಮೊದಲ ವರ್ಷ ಅವಳು ಖೋ ಕೊಡುತ್ತಲೇ ಇರಲಿಲ್ಲ. ತಾನೇ ಹಿಡಿಯಬೇಕು ಎಂದು ಕಂಬದಿಂದ ಕಂಬಕ್ಕೆ ಓಡುತ್ತಿದ್ದಳು. ಎದುರಾಳಿಗಳು ಅಷ್ಟರಲ್ಲಿ ಆರಾಮಾಗಿ ಉಸಿರು ಎಳೆದುಕೊಳ್ಳುತ್ತಿದ್ದರು. ನಮ್ಮ ಪಿ.ಟಿ. ಮೇಷ್ಟ್ರು ಬೈಯಲಿಲ್ಲ. ಅಭ್ಯಾಸದಲ್ಲಿ ಒಂದು ನಿಯಮ ಮಾಡಿದರು: ನಾಲ್ಕು ಹೆಜ್ಜೆಯೊಳಗೆ ಯಾರಿಗಾದರೂ ಖೋ ಕೊಡಬೇಕು. ಅವಳಿಗೆ ವಿಪರೀತ ಸಿಟ್ಟು ಬಂದಿತ್ತು. ಆದರೆ ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಮ್ಮ ಇಡೀ ಆಟ ಅವಳ ಕೈಯಲ್ಲಿತ್ತು. ಯಾರು ತಯಾರಾಗಿದ್ದಾರೆ, ಯಾರಿಗೆ ದಣಿವಾಗಿದೆ, ಯಾರಿಗೆ ಕೊಟ್ಟರೆ ಡೈವ್ ಹೊಡೆಯುತ್ತಾಳೆ ಎಂದು ಓಡುತ್ತಲೇ ಲೆಕ್ಕ ಹಾಕುತ್ತಿದ್ದಳು. ಅವಳ ಓಟದ ವೇಗ ಮೊದಲಿನಷ್ಟೇ ಇತ್ತು. ಬೇರೆಯವರನ್ನು ನೋಡುವುದು ಮಾತ್ರ ಹೊಸದಾಗಿ ಬಂದಿತ್ತು.

ಕೂತವರಿಗೂ ಸುಮ್ನೆ ಕೂರುವ ಕೆಲಸವಲ್ಲ. ಕಾಲ್ಬೆರಳು ನೆಲಕ್ಕೆ ಊರಿ, ಕೈ ಮುಂದೆ ಇಟ್ಟು, ಖೋ ಬಂದ ತಕ್ಷಣ ಚಿಮ್ಮುವಂತೆ ಇರಬೇಕು. ಎಡಕ್ಕೋ ಬಲಕ್ಕೋ ಎಂದು ಮೊದಲೇ ತೀರ್ಮಾನಿಸಿರಬೇಕು, ಎದ್ದ ಮೇಲೆ ಯೋಚಿಸಲು ಸಮಯವಿಲ್ಲ. ಹಾಗಂತ ಖೋ ಬರುವ ಮುಂಚೆ ಎದ್ದರೆ ಫೌಲ್. ಒಂದು ಟರ್ನ್, ಅಂದರೆ ಒಂದು ತಂಡ ಅಟ್ಟಿಸುವ ಸರದಿ, 9 ನಿಮಿಷ, ಚಿಕ್ಕ ವಯಸ್ಸಿನವರಿಗೆ 7. ಅಷ್ಟು ಹೊತ್ತೂ ಗಮನ ಬೇರೆ ಕಡೆ ಹೋಗುವಂತಿಲ್ಲ. ತನ್ನ ಸರದಿ ಬರುತ್ತದೋ ಇಲ್ಲವೋ ಗೊತ್ತಿಲ್ಲದೆಯೂ ಪೂರ್ತಿ ತಯಾರಾಗಿರುವುದನ್ನು ಮಕ್ಕಳಿಗೆ ಇಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ಜಾಗ ನಾನು ಕಂಡಿಲ್ಲ.

ಇನ್ನೊಂದು ಸಂಗತಿ, ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು. ಖೋ ಅನ್ನುವುದನ್ನು ಜೋರಾಗಿ ಕೂಗಬೇಕು. ಬರೀ ಬೆನ್ನು ಮುಟ್ಟಿದರೆ ಸಾಲದು, ಅಂಪೈರಿಗೆ ಕೇಳಿಸಬೇಕು. ನಾವೆಲ್ಲ ಮೆಲ್ಲಗೆ ಮಾತಾಡು, ಬೀದಿಗೆ ಕೇಳಿಸುವ ಹಾಗೆ ನಗಬೇಡ ಎಂದು ಹೇಳಿಸಿಕೊಂಡು ಬೆಳೆದವರು. ಮೊದಮೊದಲು ನಮ್ಮ ದನಿಯೇ ಹೊರಡುತ್ತಿರಲಿಲ್ಲ. ತಿಂಗಳುಗಟ್ಟಲೆ ಕೂಗಿ ಕೂಗಿ ಆಮೇಲೆ ನಾಚಿಕೆ ಹೋಯಿತು. ಈಗ ನಾನು ಹಾಲಿನ ಡೈರಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಟ್ಯಾಂಕರ್ ಹಾಲು ಪರೀಕ್ಷೆಯಲ್ಲಿ ಫೇಲಾದರೆ, ನನಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ಗಂಡಸರ ಮುಂದೆ ನಿಂತು ಇದನ್ನು ಇಳಿಸುವ ಹಾಗಿಲ್ಲ ಎಂದು ಹೇಳಬೇಕು. ಹೇಳುತ್ತೇನೆ. ಆ ದನಿ ನನಗೆ ಬಂದದ್ದು ಆ ಮಣ್ಣಿನ ಅಂಕಣದಲ್ಲಿ.

ಕೇರಿಯ ಮಾತನ್ನೂ ಹೇಳಲೇಬೇಕು. ನಮ್ಮ ಊರಿನಲ್ಲಿ ಯಾರು ಯಾರ ಮನೆಯೊಳಗೆ ಹೋಗಬಹುದು, ಯಾರ ಮನೆಯಲ್ಲಿ ನೀರು ಕುಡಿಯಬಹುದು ಎನ್ನುವುದೆಲ್ಲ ನಮಗೆ ಬುದ್ಧಿ ಬರುವ ಮೊದಲೇ ನಿರ್ಧಾರವಾಗಿತ್ತು. ಆದರೆ ಬೆನ್ನು ಮುಟ್ಟದೆ ಖೋ ಕೊಡಲು ಆಗುವುದಿಲ್ಲ. ಬೇರೆ ಬೇರೆ ಕೇರಿಯ ಹುಡುಗಿಯರು ದಿನಾ ಸಂಜೆ ಒಬ್ಬರ ಬೆನ್ನನ್ನು ಒಬ್ಬರು ಮುಟ್ಟಿದೆವು. ತಾಲ್ಲೂಕು ಪಂದ್ಯಕ್ಕೆ ಟೆಂಪೊದಲ್ಲಿ ಹೋಗುವಾಗ ಚಿತ್ರಾನ್ನದ ಡಬ್ಬಿ ಕೈಯಿಂದ ಕೈಗೆ ಹೋಯಿತು. ಊರು ಬದಲಾಯಿತು ಎಂದು ನಾನು ಹೇಳುವುದಿಲ್ಲ. ನಾವು ಹನ್ನೆರಡು ಜನ ಮಾತ್ರ ಬದಲಾದೆವು, ಇವತ್ತಿಗೂ ಒಬ್ಬರ ಮನೆಯ ಕಷ್ಟಕ್ಕೆ ಇನ್ನೊಬ್ಬರು ಹೋಗುತ್ತೇವೆ.

ಮಗಳು ಮೊದಲ ವರ್ಷ ಹೊರಗೆ ಕೂರುವ ಮೂವರಲ್ಲಿ ಒಬ್ಬಳಾಗಬಹುದು. ನಾನೂ ಹಾಗೇ ಇದ್ದೆ. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣಕ್ಕೆ ಸುಣ್ಣದ ಗೆರೆ ಹಾಕುವುದು, ನೀರು ಕೊಡುವುದು, ಆಟ ನೋಡುವುದು ನನ್ನ ಕೆಲಸವಾಗಿತ್ತು. ಹೊರಗಿನಿಂದ ನೋಡಿದ್ದಕ್ಕೇ ನನಗೆ ಆಟ ಅರ್ಥವಾಯಿತು. ರಕ್ಷಣೆ ಮಾಡುವ ತಂಡದಿಂದ ಒಂದು ಸಲಕ್ಕೆ ಮೂವರು ಒಳಗೆ ಬರುತ್ತಾರೆ. ಆ ಮೂವರೂ ಔಟಾದ ಮೇಲೆಯೇ ಮುಂದಿನ ಮೂವರು. ಹಾಗಾಗಿ ಇಬ್ಬರು ಬೇಗ ಔಟಾಗಿ ಒಬ್ಬಳೇ ಉಳಿದರೆ, ಅವಳು ತಪ್ಪಿಸಿಕೊಳ್ಳುವ ಪ್ರತಿ ಸೆಕೆಂಡೂ ಇಡೀ ತಂಡದ ಲೆಕ್ಕಕ್ಕೆ ಸೇರುತ್ತದೆ. ಅಂಥ ಹುಡುಗಿ ಸರಪಳಿ ಓಟದಲ್ಲಿ ಕೂತವರ ನಡುವೆ ಹಾವಿನಂತೆ ಹರಿಯುವುದನ್ನು ನೋಡುತ್ತಾ ಕೂತರೆ ಕಲಿಕೆ ತಾನಾಗಿ ಬರುತ್ತದೆ. ಅದಕ್ಕೇ ಹೇಳುವುದು, ನನ್ನ ಮಗಳನ್ನು ಯಾಕೆ ಆಡಿಸಲಿಲ್ಲ ಎಂದು ಮೇಷ್ಟ್ರ ಹತ್ತಿರ ಜಗಳಕ್ಕೆ ಹೋಗಬೇಡಿ. ಅವಳು ಅತ್ತರೆ ಪಕ್ಕದಲ್ಲಿರಿ, ಸಾಕು.

ಓದಿನ ವಿಷಯ. ಶಾಲಾ ಕ್ರೀಡಾಕೂಟಗಳು ಸಾಮಾನ್ಯವಾಗಿ ಆಗಸ್ಟ್‌ನಿಂದ ಶುರುವಾಗಿ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೆ ಹೋಗುತ್ತವೆ. ಹೆಚ್ಚಿನ ತಂಡಗಳಿಗೆ ದಸರಾ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ ಸುಮಾರಿಗೆ. ನಡುವೆ ಬೇಕಾದಷ್ಟು ತಿಂಗಳು ಇವೆ. ನಿಜವಾದ ತೊಂದರೆ ದಣಿವಿನದು. ಸಂಜೆ ಆರಕ್ಕೆ ಮನೆಗೆ ಬಂದ ಮಗುವಿಗೆ ಗಣಿತ ತಲೆಗೆ ಹತ್ತುವುದಿಲ್ಲ. ನಾವು ರಾತ್ರಿ ಬೇಗ ಮಲಗಿ ಬೆಳಿಗ್ಗೆ ಓದುತ್ತಿದ್ದೆವು. ರಾತ್ರಿ ಹನ್ನೊಂದರವರೆಗೆ ಕೂರಿಸಿ ಓದಿಸಿದರೆ ಆಟವೂ ಇಲ್ಲ, ಓದೂ ಇಲ್ಲ. ಹತ್ತನೇ ಕ್ಲಾಸಿನಲ್ಲಿ ಡಿಸೆಂಬರ್ ಆದ ಮೇಲೆ ಅಭ್ಯಾಸ ಕಡಿಮೆ ಮಾಡಲಿ, ಪೂರ್ತಿ ಬಿಡಿಸಬೇಡಿ. ವಾರಕ್ಕೆರಡು ಸಂಜೆ ಓಡಿದರೆ ಪರೀಕ್ಷೆಯ ಭಯ ಎಷ್ಟೋ ಇಳಿಯುತ್ತದೆ.

ಊಟ ಜಾಸ್ತಿ ಬೇಕಾಗುತ್ತದೆ. ದುಬಾರಿ ಪುಡಿಗಳು ಬೇಡ. ರಾಗಿ ಮುದ್ದೆ, ಕಾಳು, ಸೊಪ್ಪು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಕಡಲೆಬೀಜ, ಬಾಳೆಹಣ್ಣು ಸಾಕು. ಮುಟ್ಟಾದಾಗ ಆಡಬಹುದಾ ಎಂದು ಅವಳು ಯಾರನ್ನೂ ಕೇಳಲಾರಳು, ನೀವೇ ಮಾತು ತೆಗೆಯಿರಿ. ಆರಾಮಾಗಿದ್ದರೆ ಆಡಬಹುದು, ನೋವಿದ್ದರೆ ಬೇಡ ಎಂದು ಮೊದಲೇ ಹೇಳಿಟ್ಟರೆ ಅವಳಿಗೆ ದೊಡ್ಡ ಧೈರ್ಯ. ಮಂಡಿ ತರಚುವುದು ಮಾಮೂಲು. ಆದರೆ ಮಂಡಿಚಿಪ್ಪಿನ ಕೆಳಗೆ ಉಬ್ಬಿ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಓಡಿ ನೆಗೆಯುವ ಮಕ್ಕಳಿಗೆ ಹಾಗೆ ಆಗುವುದುಂಟು, ಸ್ವಲ್ಪ ಕಾಲ ಆಟ ತಗ್ಗಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಇದರಲ್ಲಿ ಭವಿಷ್ಯ ಇದೆಯಾ ಎಂದೂ ಕೇಳಿದ್ದೀರಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಪುರುಷರು, ಮಹಿಳೆಯರು ಎರಡೂ ವಿಭಾಗದಲ್ಲಿ ಭಾರತ ಗೆದ್ದಿತು. ಮಹಿಳೆಯರ ಫೈನಲ್‌ನಲ್ಲಿ ನೇಪಾಳದ ಮೇಲೆ 78–40. ಆ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು, ಹಳ್ಳಿಯ ಹುಡುಗಿ. ಪುರುಷರ ತಂಡದಲ್ಲಿ ನಮ್ಮ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ರೈಲ್ವೆಯಲ್ಲಿ ಖೋ ಖೋ ಆಟಗಾರರಿಗೆ ಕ್ರೀಡಾ ಕೋಟಾದಡಿ ಕೆಲಸ ಸಿಗುವುದಿದೆ. ಸಿಇಟಿಯಲ್ಲೂ ಕ್ರೀಡಾ ಕೋಟಾ ಇದೆ, ಆದರೆ ಅದಕ್ಕೆ ತಾಲ್ಲೂಕು ಮಟ್ಟದ ಸರ್ಟಿಫಿಕೇಟ್ ಸಾಲುವುದಿಲ್ಲ, ಬಹಳ ಮೇಲಿನ ಸಾಧನೆ ಬೇಕು. ಚೈತ್ರಾ ಹೆಸರನ್ನು ಮಗಳಿಗೆ ಖಂಡಿತ ಹೇಳಿ. ನೀನೂ ಹಾಗೇ ಆಗಬೇಕು ಎಂಬ ಭಾರ ಮಾತ್ರ ಹೊರಿಸಬೇಡಿ.

ನಮ್ಮ ಕಾಲದಲ್ಲಿ ಒಳ್ಳೆ ಆಟಗಾರ್ತಿಯರನ್ನು ಒಂಬತ್ತನೇ ಕ್ಲಾಸಿಗೇ ಮನೆಯವರು ಬಿಡಿಸಿಬಿಡುತ್ತಿದ್ದರು. ದೊಡ್ಡವಳಾದಳು, ಇನ್ನು ಸಾಕು ಎನ್ನುವುದು ಒಂದೇ ಕಾರಣ. ನಿಮ್ಮ ಮನೆಯ ಹಿರಿಯರ ಮಾತಿನ ಹಿಂದೆಯೂ ಅದೇ ಹೆದರಿಕೆ ಇರಬಹುದು. ವಾದ ಮಾಡಬೇಡಿ, ಒಂದು ಪಂದ್ಯಕ್ಕೆ ಅವರನ್ನೇ ಕರೆದುಕೊಂಡು ಹೋಗಿ. ಹೊರ ಊರಿಗೆ ಹೋಗುವಾಗ ಜೊತೆಗೆ ಮಹಿಳಾ ಶಿಕ್ಷಕಿ ಇರುತ್ತಾರಾ, ರಾತ್ರಿ ಉಳಿಯುವುದಾದರೆ ಎಲ್ಲಿ, ಶೌಚಾಲಯ ಹೇಗಿದೆ ಎಂದು ಶಾಲೆಯನ್ನು ಕೇಳಿ. ಇವು ಕೇಳಲೇಬೇಕಾದ ಪ್ರಶ್ನೆಗಳು, ಸಂಕೋಚ ಬೇಡ. ಜನ್ಮ ದಿನಾಂಕ ಶಾಲೆಯ ದಾಖಲೆಯಲ್ಲೂ ಆಧಾರ್‌ನಲ್ಲೂ ಒಂದೇ ಇದೆಯಾ ಎಂದು ಈಗಲೇ ನೋಡಿಕೊಳ್ಳಿ. ವಯಸ್ಸಿನ ವಿಭಾಗ ಪರಿಶೀಲಿಸುವಾಗ ಅದರಲ್ಲಿ ವ್ಯತ್ಯಾಸ ಇದ್ದರೆ ಮಗು ಪಂದ್ಯದ ದಿನವೇ ಹೊರಗುಳಿಯಬೇಕಾದೀತು.