ಮಂಗನ ಕೂಗು, ನಮ್ಮ ಮಾತು

ಪ್ರಶ್ನೆ: ನಾವು ಮಂಗನಿಂದ ಬಂದೋರು ಅಂತಾರಲ್ಲ, ಮಾತೂ ಅಲ್ಲಿಂದ್ಲೇ ಬಂತಾ ಸಾರ್?

ಉತ್ತರ: ಮಂಗನಿಂದ ಅಲ್ಲ ಮಾರಾಯ್ರೇ, ಮಂಗಕ್ಕೂ ನಮಗೂ ಮುತ್ತಜ್ಜ ಒಬ್ನೇ, ಅಷ್ಟೇ. ಕೀನ್ಯಾದ ಅಂಬೋಸೆಲಿ ಪಾರ್ಕಲ್ಲಿ ವಿಜ್ಞಾನಿಗಳು ವರ್ವೆಟ್ ಅನ್ನೋ ಜಾತಿ ಮಂಗಗಳ ಎಚ್ಚರಿಕೆ ಕೂಗನ್ನ ರೆಕಾರ್ಡ್ ಮಾಡಿ ಸ್ಪೀಕರ್ ಬಚ್ಚಿಟ್ಟು ಪ್ಲೇ ಮಾಡಿದ್ರು, 1980ರಲ್ಲಿ ವರದಿ ಬಂತು. 'ಚಿರತೆ ಬಂತು' ಅನ್ನೋ ಕೂಗು ಕೇಳಿದ್ರೆ ಮಂಗಗಳು ಮರಕ್ಕೆ ಓಡೋದು, 'ಹದ್ದು ಬಂತು' ಅನ್ನೋದಕ್ಕೆ ತಲೆ ಎತ್ತಿ ನೋಡೋದು, 'ಹಾವು ಬಂತು' ಅನ್ನೋದಕ್ಕೆ ನೆಲದಲ್ಲಿ ಹುಡುಕೋದು, ಅಲ್ಲಿ ಚಿರತೆನೂ ಇಲ್ಲ ಹಾವೂ ಇಲ್ಲ, ಬರೀ ಸೌಂಡು! ಮರಿಗಳಂತೂ ಎಲೆ ಉದುರಿದ್ರೂ ಹದ್ದು ಅಂತ ಕೂಗ್ಬಿಡ್ತಾವೆ, ನಮ್ಮನೆ ಪುಟ್ಟಿ ಹಸುನೂ ಬೌಬೌ ಅಂದ ಹಾಗೆ. ಆದ್ರೆ 'ನಿನ್ನೆ ಚಿರತೆ ಬಂದಿತ್ತು' ಅನ್ನೋಕೆ ಅವಕ್ಕೆ ಬರಲ್ಲ. ಪದ ಜೋಡಿಸಿ ಕಣ್ಮುಂದೆ ಇಲ್ಲದ್ದನ್ನ ಹೇಳೋ ಆ ಕಸುಬು ನಮಗೆ ಹೇಗೆ ಬಂತು ಅನ್ನೋ ಜಗಳ ಇನ್ನೂ ಮುಗಿದಿಲ್ಲ, 1866ರಲ್ಲಿ ಪ್ಯಾರಿಸ್‌ನ ಭಾಷಾಶಾಸ್ತ್ರ ಸಂಘದೋರು ಈ ಚರ್ಚೆನೇ ಬೇಡ ಅಂತ ರೂಲ್ ಮಾಡಿದ್ರು.