ಹೊಸ ನರ್ಸ್‌ಗಳಿಗೆ ಐವಿ ಲೈನಿನ ಆರೈಕೆ ಕಲಿಸಲು ಒಂದು ದಿನದ ತರಗತಿ ಸಾಕೇ?

ನಿಮ್ಮ ಆಸ್ಪತ್ರೆಗೆ ಹೊಸದಾಗಿ ಸೇರಿದ ಇಪ್ಪತ್ತು ನರ್ಸ್‌ಗಳಿಗೆ ಐವಿ ಲೈನಿನ (ರಕ್ತನಾಳಕ್ಕೆ ದ್ರವ, ಔಷಧಿ ಹರಿಸುವ ಕೊಳವೆಯ) ಆರೈಕೆ ಕಲಿಸಬೇಕಾಗಿದೆ, ಒಂದು ದಿನದ ತರಗತಿ ಸಾಕೇ ಎಂದು ಕೇಳಿದ್ದೀರಿ. ವಾರ್ಡಿನಲ್ಲಿ ಹಲವು ವರ್ಷ ದುಡಿದು ಈಗ ತರಬೇತಿಯ ಹೊಣೆ ಹೊತ್ತಿರುವ ನನ್ನ ಅನುಭವದಲ್ಲಿ ಅದು ಸಾಲದು. ಕ್ಯಾನುಲಾ (ರಕ್ತನಾಳದೊಳಗೆ ಇರಿಸುವ ಸಣ್ಣ ನಳಿಕೆ) ಹಾಕುವುದನ್ನು ಎಲ್ಲರೂ ಉತ್ಸಾಹದಿಂದ ಕಲಿಯುತ್ತಾರೆ. ಹಾಕಿದ ಮೇಲೆ ಅದು ಕೈಯಲ್ಲಿರುವ ಎರಡು ಮೂರು ದಿನಗಳ ಬಗ್ಗೆ ಕಲಿಸುವವರೂ ಕಡಿಮೆ, ಕೇಳುವವರೂ ಕಡಿಮೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದ ಡ್ರಿಪ್ ಹೋಗುತ್ತಿದ್ದ ಅಜ್ಜಿಯೊಬ್ಬರು ರಾತ್ರಿ ಎರಡು ಸಲ "ಕೈ ಉರಿತೈತವ್ವಾ" ಎಂದರು. ಹನಿ ಸರಿಯಾಗಿ ಬೀಳುತ್ತಿದ್ದುದರಿಂದ ಲೈನ್ ಚೆನ್ನಾಗಿದೆ ಎಂದುಕೊಂಡೆ. ಬೆಳಗ್ಗೆ ಅಗಲವಾದ ಬಿಳಿ ಪ್ಲಾಸ್ಟರ್ ಬಿಚ್ಚಿದಾಗ ರಕ್ತನಾಳದ ಗುಂಟ ಕೆಂಪು ಗೆರೆ ಎದ್ದಿತ್ತು. ಬೆರಳಿಟ್ಟರೆ ಹುರಿಯಂತೆ ಗಟ್ಟಿಯಾಗಿತ್ತು. ಹನಿ ಬೀಳುವುದು ಲೈನ್ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ ಎಂದು ಅಂದು ಕಲಿತದ್ದನ್ನೇ ನಾನು ಮೊದಲ ಪಾಠವಾಗಿ ಹೇಳುತ್ತೇನೆ. ಚುಚ್ಚಿದ ಜಾಗ ಕಾಣುವಂತೆ ಪಾರದರ್ಶಕ ಡ್ರೆಸ್ಸಿಂಗ್ ಹಾಕಿ, ಅದರ ಮೇಲೆ ದಿನಾಂಕ, ಸಮಯ ಬರೆಯಬೇಕು.

ಆದ್ದರಿಂದ ತರಗತಿಯನ್ನು ಎರಡು ಗಂಟೆಗಳ ಅವಧಿಯಲ್ಲಿ ಮುಗಿಸಿ, ಉಳಿದದ್ದನ್ನು ಪಾಳಿ ಬದಲಾಗುವ ಹೊತ್ತಿನಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲೇ ಕಲಿಸಿ. ಚಾರ್ಜ್ ಕೊಡುವವರೂ ತೆಗೆದುಕೊಳ್ಳುವವರೂ ಜೊತೆಯಾಗಿ ಜಾಗವನ್ನು ನೋಡಲಿ, ಮೆಲ್ಲಗೆ ಒತ್ತಲಿ, ನೋವಿದೆಯೇ ಎಂದು ರೋಗಿಯನ್ನು ಕೇಳಲಿ. ಇದಕ್ಕೆ ರಕ್ತನಾಳದ ಉರಿಯೂತವನ್ನು ಕಣ್ಣಿನಿಂದ ನೋಡಿ ಅಳೆಯುವ, 0ಯಿಂದ 5ರವರೆಗಿನ ವಿಐಪಿ ಅಂಕಪಟ್ಟಿ ಅನುಕೂಲ: ನೋವು, ಕೆಂಪು, ಊತ ಇವುಗಳಲ್ಲಿ ಎರಡು ಕಂಡರೆ ಅಂಕ 2, ಆಗ ಆ ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಬೇಕು. ಮೂರು ದಿನಕ್ಕೊಮ್ಮೆ ತಪ್ಪದೆ ಬದಲಿಸಿದರೆ ಸಾಲದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 3,283 ರೋಗಿಗಳನ್ನು ಒಳಗೊಂಡು ನಡೆದು 2012ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವಧಿಗೆ ಸರಿಯಾಗಿ ಬದಲಿಸಿದವರಲ್ಲೂ ಅಗತ್ಯ ಕಂಡಾಗ ಮಾತ್ರ ಬದಲಿಸಿದವರಲ್ಲೂ ರಕ್ತನಾಳದ ಉರಿಯೂತ ಶೇ. 7ರಷ್ಟೇ ಇತ್ತು. ಅಗತ್ಯ ಕಂಡಾಗ ಬದಲಿಸುವುದೆಂದರೆ ಪ್ರತಿ ಪಾಳಿಯಲ್ಲೂ ಯಾರಾದರೂ ಕಣ್ಣಿಟ್ಟು ನೋಡಲೇಬೇಕು ಎಂದರ್ಥ.

ಇನ್ನು ಹಬ್ (ಲೈನಿಗೆ ಸಿರಿಂಜ್ ಜೋಡಿಸುವ ತುದಿ) ಒರೆಸುವ ವಿಷಯ. ಶೇ. 70ರ ಆಲ್ಕೋಹಾಲ್ ಸ್ವಾಬಿನಿಂದ 15 ಸೆಕೆಂಡು ಉಜ್ಜಿ, ಒಣಗಲು ಬಿಟ್ಟು, ಆಮೇಲೆ ಸಿರಿಂಜ್ ಜೋಡಿಸಬೇಕೆಂದು ಬಾಯಲ್ಲಿ ಎಲ್ಲರೂ ಹೇಳುತ್ತಾರೆ. ಗಡಿಯಾರ ಹಿಡಿದು ನಿಂತರೆ ನಾಲ್ಕೈದು ಸೆಕೆಂಡಿಗೇ ಕೈ ನಿಲ್ಲುತ್ತದೆ. ಹಾಗಾಗಿ ಒಬ್ಬರು ಉಜ್ಜುವಾಗ ಇನ್ನೊಬ್ಬರು ಗಟ್ಟಿಯಾಗಿ ಎಣಿಸುವಂತೆ ಅಭ್ಯಾಸ ಮಾಡಿಸಿ. ಲೈನನ್ನು ಸಲೈನ್ ಹಾಯಿಸಿ ತೊಳೆಯುವ ಫ್ಲಶ್‌ಗೆ 10 ಮಿಲಿಲೀಟರ್ ಸಿರಿಂಜನ್ನೇ ಕೊಡಿ, ಏಕೆಂದರೆ ಸಿರಿಂಜ್ ಚಿಕ್ಕದಾದಷ್ಟೂ ಒತ್ತಡ ಹೆಚ್ಚುತ್ತದೆ. ತಡೆ ಸಿಕ್ಕರೆ ಬಲವಂತವಾಗಿ ತಳ್ಳಕೂಡದು.

ಇಷ್ಟನ್ನೂ ಕಲಿತ ಹೊಸ ನರ್ಸ್, ಡಾಕ್ಟರ್ ಏನೆನ್ನುತ್ತಾರೋ ಎಂಬ ಅಳುಕಿನಿಂದ ಡ್ರಿಪ್ ನಿಲ್ಲಿಸದೆ ಕಾಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ರೋಗಿ ಉರಿ ಎಂದರೆ ಮೊದಲು ಡ್ರಿಪ್ ನಿಲ್ಲಿಸಿ, ನಂತರ ಡಾಕ್ಟರಿಗೆ ಫೋನ್ ಮಾಡುವ ಅಧಿಕಾರ ನಿಮಗಿದೆ ಎಂದು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಅವರಿಂದಲೇ, ಡಾಕ್ಟರ ಎದುರಿನಲ್ಲಿಯೇ, ಮೊದಲ ವಾರದಲ್ಲೇ ಹೇಳಿಸಿ.