ಹಾರ್ಡ್ಲಿ ಅಂದರೆ ಕಷ್ಟಪಟ್ಟು ಅಂತಲ್ಲ

ಕೆಲಸದ ಅರ್ಜಿಯಲ್ಲಿ ‘ಐ ವರ್ಕ್ಡ್ ಹಾರ್ಡ್ಲಿ’ ಅಂತ ಬರೆದರೆ ತಪ್ಪಾ ಅಂತ ಕೇಳಿದ್ದೀರಿ. ತಪ್ಪೇ. ಓದುವವರಿಗೆ ಅರ್ಥವೂ ಉಲ್ಟಾ ಹೊಡೆಯಬಹುದು! ಕಷ್ಟಪಟ್ಟು ದುಡಿದೆ ಅನ್ನಲು ‘ವರ್ಕ್ಡ್ ಹಾರ್ಡ್’ ಸಾಕು. ಕ್ವಿಕ್, ಕ್ವಿಕ್ಲಿ ಆಗುವಾಗ ಇದೂ ಹಾಗೇ ಅಂದುಕೊಳ್ಳುವುದು ಸಹಜ ಬಿಡಿ, ನಾನೂ ಪರೀಕ್ಷೆಯಲ್ಲಿ ಹಾಗೇ ಬರೆದು ಬಂದವನು.

ಹಾರ್ಡ್ಲಿ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ‘ಐ ಹಾರ್ಡ್ಲಿ ನೋ ಹಿಮ್’ ಅಂದರೆ ‘ಅವರ ಪರಿಚಯ ನನಗೆ ಅಷ್ಟಾಗಿ ಇಲ್ಲ’. ಕನ್ನಡದಲ್ಲಿ ಕೊನೆಗೆ ‘ಇಲ್ಲ’ ಬಂತು, ಅಲ್ವಾ? ಇಂಗ್ಲಿಷಿನಲ್ಲಿ ಆ ‘ಇಲ್ಲ’ ಹಾರ್ಡ್ಲಿಯ ಹೊಟ್ಟೆಯೊಳಗೇ ಇದೆ. ಹಾಗಾಗಿ ‘ಐ ಡೋಂಟ್ ಹಾರ್ಡ್ಲಿ ನೋ’ ಅಂತ ಸುಮ್ನೆ ಇನ್ನೊಂದು ‘ಇಲ್ಲ’ ಸೇರಿಸಬೇಡಿ.

ಫೋನಿನಲ್ಲಿ ಗದ್ದಲ ಜಾಸ್ತಿಯಾದಾಗ ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯೂ’ ಅನ್ನಿ: ನಿಮ್ಮ ಮಾತು ಸರಿಯಾಗಿ ಕೇಳಿಸುತ್ತಲೇ ಇಲ್ಲ.